ಬೊಟ್ಟಿನ ಮೀನಿನ ಜಗಳ: ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ನಾನು ಮಾಡಿದ್ದು

ಅವತ್ತು ಬೆಳಿಗ್ಗೆ ಆರೂವರೆಗೆ ಟ್ಯಾಂಕಿನ ಲೈಟ್ ಹಾಕಿದೆ. ಹಿಂದಿನ ಸಂಜೆ ತಂದು ಬಿಟ್ಟಿದ್ದ ಎರಡು ಕ್ಲೌನ್ ಮೀನುಗಳಲ್ಲಿ ಒಂದು ಕಾಣಲಿಲ್ಲ. ಹುಡುಕಿದರೆ ಹೀಟರ್ ಹಿಂದೆ, ನೀರಿನ ಮೇಲ್ತುದಿಯಲ್ಲಿ ಓರೆಯಾಗಿ ನಿಂತಿತ್ತು. ಬಾಲ ಅರ್ಧ ಹರಿದುಹೋಗಿತ್ತು. ಕಿವಿರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸತ್ತಿತು. ಇನ್ನೊಂದು ಮಾರನೇ ದಿನ ಹೋಯಿತು.

ಕೊಂದದ್ದು ಯಾರು ಅಂತ ಹುಡುಕಬೇಕಾಗಿರಲಿಲ್ಲ. ನಮ್ಮ ಟ್ಯಾಂಕಿನಲ್ಲಿ ಆಗ ಇದ್ದದ್ದು ಒಂದೇ ಮೀನು, ಡಾಮಿನೋ ಡ್ಯಾಮ್ಸೆಲ್. ಮೈಯೆಲ್ಲ ಕಪ್ಪು, ಎರಡು ಪಕ್ಕಕ್ಕೂ ಒಂದೊಂದು ಬಿಳಿ ಚುಕ್ಕೆ, ಹಣೆಯ ಮೇಲೆ ಇನ್ನೊಂದು. ಆ ಹಣೆಯ ಚುಕ್ಕೆ ನೋಡಿ ನಮ್ಮ ಅತ್ತೆ ಅದಕ್ಕೆ ‘ಬೊಟ್ಟಿನ ಮೀನು’ ಅಂತ ಹೆಸರಿಟ್ಟರು. ತಂದಾಗ ಹೆಬ್ಬೆರಳ ಉಗುರಿನಷ್ಟಿತ್ತು. ಅಂಥವು ಮೂರು ತಂದಿದ್ದೆವು. ‘ಹೊಸ ಟ್ಯಾಂಕಿಗೆ ಮೊದಲು ಇದನ್ನೇ ಬಿಡಿ ಮೇಡಂ, ಗಟ್ಟಿ ಮೀನು, ಸಾಯಲ್ಲ’ ಅಂದಿದ್ದರು ಅಂಗಡಿಯಲ್ಲಿ. ಹೊಸ ನೀರಿಗೆ ಸಾಯಲಿಲ್ಲ ನಿಜ. ಆದರೆ ಒಂದು ವರ್ಷದೊಳಗೆ ಮೂರರಲ್ಲಿ ಒಂದೇ ಉಳಿಯಿತು. ಆ ಒಂದು ಅಂಗೈ ಅಗಲ ಬೆಳೆಯಿತು. ಈ ಜಾತಿ 14 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಬೆಳೆದಂತೆ ಹಣೆಯ ಬೊಟ್ಟು ಮಾಸುತ್ತದೆ. ನಮ್ಮದರ ಬೊಟ್ಟು ಪೂರ್ತಿ ಅಳಿಸಿಹೋಗುವ ಹೊತ್ತಿಗೆ ಟ್ಯಾಂಕೆಲ್ಲ ಅದರದ್ದೇ ಆಗಿತ್ತು.

ಟ್ಯಾಂಕಿನ ಅಳತೆ ಹೇಳಿಬಿಡುತ್ತೇನೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ ಸುಮಾರು 250 ಲೀಟರ್. ಕಲ್ಲು, ಮರಳು ಕಳೆದರೆ ನೀರು 200 ಲೀಟರ್ ಇರಬಹುದು. ನಾನು ಮುಂದೆ ಹೇಳುವುದೆಲ್ಲ ಈ ಅಳತೆಯ ಆಸುಪಾಸಿನ ಮನೆ ಟ್ಯಾಂಕುಗಳಿಗೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಹೊಸ ಟ್ಯಾಂಕಿನ ನೀರು ಹದಕ್ಕೆ ಬರಲು ಮೀನು ಬೇಕಾಗಿಲ್ಲ. ಮೀನಿನ ಹೊಲಸಿನಿಂದ ಬರುವ ವಿಷ ಅಮೋನಿಯಾ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆದರೆ ಸಾಕು. ಅದಕ್ಕೆ ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಇದೆ. ಒಂದು ಚೂರು ಹಸಿ ಸೀಗಡಿ ಹಾಕಿ ಕೆಲವು ವಾರ ಕಾದರೂ ಆಗುತ್ತದೆ. ಅಮೋನಿಯಾ, ಅದರಿಂದಲೇ ಆಗುವ ನೈಟ್ರೈಟ್ ಎರಡೂ ಸೊನ್ನೆಗೆ ಬಂದಮೇಲೆ ಮೊದಲ ಮೀನು. ನೀರು ಹದ ಮಾಡಲು ಅಂತ ಯಾರಾದರೂ ಡ್ಯಾಮ್ಸೆಲ್ ಕೊಟ್ಟರೆ ದಯವಿಟ್ಟು ತರಬೇಡಿ. ಆ ಮರಿಗಳಿಗೆ ಅದು ಹಿಂಸೆ. ಬದುಕಿ ಉಳಿದದ್ದು ಮುಂದೆ ಬರುವ ಮೀನುಗಳಿಗೆ ಹಿಂಸೆ.

ಮೊದಲು ಕೂತು ನೋಡಿ

ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ ಸಿಗುತ್ತದೆ. ಒಮ್ಮೆ ಅಲ್ಲಿ ಡೈವಿಂಗ್‌ಗೆ ಹೋಗಿದ್ದೆ. ಬಂಡೆಯ ಪಕ್ಕ ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ಮೀನುಗಳ ಹಿಂಡು ಆರಾಮಾಗಿ ತೇಲುತ್ತಿತ್ತು. ನಾವು ಹತ್ತಿರ ಹೋದರೂ ಕ್ಯಾರೇ ಅನ್ನಲಿಲ್ಲ. ಅವುಗಳಲ್ಲೇ ಒಂದು ಮಾತ್ರ ನೀಲಿ ತಿರುಗಿದ ಮೈಯದು, ನೇರ ನನ್ನ ಮಾಸ್ಕಿನ ಗಾಜಿಗೆ ಬಂದು ಗುದ್ದಿತು. ಹಿಂದೆ ಸರಿದೆ. ಅದೂ ಸುಮ್ಮನಾಯಿತು. ಮತ್ತೆ ಮುಂದೆ ಹೋದೆ. ಮತ್ತೆ ಗುದ್ದಿತು. ಅದರ ಹಿಂದೆ ಬಂಡೆಯ ಮೇಲೆ ತಟ್ಟೆಯಗಲದ ನೇರಳೆ ಬಣ್ಣದ ಮಚ್ಚೆ. ಮೊಟ್ಟೆಗಳು. ಈ ಜಾತಿಯಲ್ಲಿ ಮೊಟ್ಟೆ ಕಾಯುವುದು ಗಂಡು.

ನೀರಿನೊಳಗೆ ಅವತ್ತು ನನಗೆ ಒಂದು ವಿಷಯ ಹೊಳೆಯಿತು. ಆ ಮೀನಿಗೆ ನನ್ನ ಮೇಲೆ ಕೋಪ ಇರಲಿಲ್ಲ. ಅದಕ್ಕೆ ಒಂದು ಗೆರೆ ಇತ್ತು. ಗೆರೆ ದಾಟಿದರೆ ಗುದ್ದು, ದಾಟದಿದ್ದರೆ ಏನೂ ಇಲ್ಲ. ಸಮುದ್ರದಲ್ಲಿ ಗೆರೆಯಾಚೆ ಓಡಲು ಜಾಗ ಇದೆ. ನಮ್ಮ ನಾಲ್ಕಡಿ ಗಾಜಿನೊಳಗೆ ಇಲ್ಲ. ಅಲ್ಲಿ ಗೆರೆ ಗೋಡೆಯಿಂದ ಗೋಡೆಗೆ ಹೋಗಿಬಿಡುತ್ತದೆ. ಅದಕ್ಕೇ ಮೀನಿನ ಸ್ವಭಾವ ತಿದ್ದಲು ಹೋಗಬೇಡಿ, ಅದು ಆಗದ ಮಾತು. ಅದರ ಗೆರೆಯನ್ನು ತಿದ್ದಿ.

ಗೆರೆ ಎಲ್ಲಿದೆ ಅಂತ ತಿಳಿಯಲು ಟ್ಯಾಂಕಿನ ಮುಂದೆ ಇಪ್ಪತ್ತು ನಿಮಿಷ ಕೂರಬೇಕು. ಕೈಯಲ್ಲಿ ಒಂದು ಹಾಳೆ, ಪೆನ್ಸಿಲ್. ಕಲ್ಲುಗಳ ಚಿತ್ರ ಬರೆದುಕೊಳ್ಳಿ. ಜಗಳಗಂಟ ಮೀನು ಯಾವ ಸಂದಿಯಿಂದ ಹೊರಡುತ್ತದೆ, ಎಲ್ಲಿವರೆಗೆ ಅಟ್ಟುತ್ತದೆ, ಎಲ್ಲಿಂದ ವಾಪಸ್ ತಿರುಗುತ್ತದೆ, ಗುರುತು ಹಾಕಿ. ಒಂದಡಿ ಅಟ್ಟಿ ವಾಪಸ್ ಬಂದರೆ ಅದು ಬರೀ ಎಚ್ಚರಿಕೆ. ಹಾಗೇ ಬಿಡಿ, ಅದರಿಂದ ಯಾರೂ ಸಾಯುವುದಿಲ್ಲ. ಈ ಗೋಡೆಯಿಂದ ಆ ಗೋಡೆಯವರೆಗೆ ಅಟ್ಟಿ, ಅಲ್ಲೂ ಬಿಡದೆ ಕಚ್ಚಿದರೆ ಮಾತ್ರ ನೀವು ಏಳಬೇಕು.

ಏಟು ತಿಂದ ಮೀನನ್ನೂ ನೋಡಿ. ಮೇಲಿನ ಮೂಲೆಯಲ್ಲಿ ನಿಂತೇ ಇರುತ್ತದಾ? ರೆಕ್ಕೆ ಮಡಚಿಕೊಂಡಿದೆಯಾ? ಎರಡು ದಿನದಿಂದ ತಿಂದಿಲ್ಲವಾ? ಇವು ಕೆಟ್ಟ ಲಕ್ಷಣ. ಹೆದರಿದ ಮೀನಿಗೆ ಬಿಳಿಚುಕ್ಕೆ ರೋಗವೂ ಬೇಗ ಅಂಟುತ್ತದೆ. ಹೆದರಿದ ಮೀನು ಹಾರುತ್ತದೆ ಕೂಡ. ನಮ್ಮ ಟ್ಯಾಂಕಿನ ಮೇಲೆ ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಪರದೆಯನ್ನು ಚೌಕಟ್ಟಿಗೆ ಬಿಗಿದು ಮುಚ್ಚಿದ್ದೇನೆ. ಗಾಳಿಯಾಡುತ್ತದೆ, ಮೀನು ನೆಲಕ್ಕೆ ಬೀಳುವುದಿಲ್ಲ. ಇದನ್ನು ಇವತ್ತೇ ಮಾಡಿ.

ಒಂದು ನಡವಳಿಕೆ ನೋಡಿ ಗಾಬರಿಯಾಗಬೇಡಿ. ಜೋಡಿ ಕ್ಲೌನ್ ಮೀನುಗಳಲ್ಲಿ ಚಿಕ್ಕದು ದೊಡ್ಡದರ ಮುಂದೆ ಓರೆಯಾಗಿ ನಿಂತು ಗಡಗಡ ನಡುಗುತ್ತದೆ. ನೋಡಿದರೆ ಫಿಟ್ಸ್ ಬಂದ ಹಾಗೆ ಇರುತ್ತದೆ. ಅದು ‘ನೀನೇ ದೊಡ್ಡವಳು’ ಅಂತ ಒಪ್ಪಿಕೊಳ್ಳುವ ರೀತಿ. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಆ ಹೆಣ್ಣು ಸತ್ತರೆ ಅದರ ಜೋಡಿಯ ಗಂಡು ಹೆಣ್ಣಾಗುತ್ತದೆ. ಅದಕ್ಕೇ ಎರಡು ಮರಿ ತರುವಾಗ ಒಂದು ದೊಡ್ಡದು, ಒಂದು ಚಿಕ್ಕದು ನೋಡಿ ತನ್ನಿ. ಯಾರು ಮೇಲು ಅನ್ನುವ ಪ್ರಶ್ನೆ ಮೊದಲ ದಿನವೇ ಮುಗಿಯುತ್ತದೆ. ಜೋಡಿ ಕೂಡಿದ ಮೇಲೆ ಮೂರನೆಯದನ್ನು ಬಿಡಬೇಡಿ. ಸಾಧು ಮೀನು ಇದ್ದಕ್ಕಿದ್ದ ಹಾಗೆ ನಿಮ್ಮ ಕೈ ಕಚ್ಚಲು ಬಂದರೆ ಪಕ್ಕದ ಕಲ್ಲು ನೋಡಿ, ಬಹುಶಃ ಮೊಟ್ಟೆ ಇಟ್ಟಿರುತ್ತದೆ. ಒಂದು ವಾರ, ಹತ್ತು ದಿನ ಆ ಕಡೆ ಕೈ ಹಾಕದಿದ್ದರೆ ಸಾಕು.

ಊಟ

ಹೊಟ್ಟೆ ಹಸಿದಿದ್ದರೆ ಜಗಳ ಜಾಸ್ತಿ. ಇದು ಎಲ್ಲರಿಗೂ ಗೊತ್ತು. ನಾನು ದಿನಕ್ಕೆ ಒಮ್ಮೆ ಹಾಕುತ್ತಿದ್ದದ್ದನ್ನು ಮೂರು ಸಲ ಮಾಡಿದೆ, ಅಷ್ಟನ್ನೇ ಮೂರು ಪಾಲು ಮಾಡಿ. ಎರಡು ತುದಿಗೂ ಒಟ್ಟಿಗೆ ಹಾಕಬೇಕು. ಬೊಟ್ಟಿನ ಮೀನು ಒಂದು ತುದಿಯಲ್ಲಿ ತಿನ್ನುವಾಗ ಇನ್ನೊಂದು ತುದಿಯಲ್ಲಿ ಉಳಿದವು ತಿನ್ನುತ್ತವೆ. ಇದೊಂದರಿಂದಲೇ ಜಗಳ ನಿಲ್ಲುವುದಿಲ್ಲ, ತಣ್ಣಗಾಗುತ್ತದೆ ಅಷ್ಟೇ.

ಕಲ್ಲು ಜರುಗಿಸುವುದು

ನಿಜವಾದ ಕೆಲಸ ಇದು. ಮನೆ ಎಲ್ಲಿದೆ ಅಂತಲೇ ತಿಳಿಯದ ಹಾಗೆ ಮಾಡಿದರೆ, ಹಳೇ ಮೀನೂ ಹೊಸದರಂತೆ ಜಾಗ ಹುಡುಕಬೇಕಾಗುತ್ತದೆ.

ನಮ್ಮ ಟ್ಯಾಂಕಿನಲ್ಲಿ ಏಳು ಕಲ್ಲುಗಳಿದ್ದವು, ಹಿಂದಿನ ಗಾಜಿಗೆ ಒರಗಿಸಿ ಗೋಡೆ ಕಟ್ಟಿದ ಹಾಗೆ. ನೋಡಲು ಚೆಂದ ಇತ್ತು. ಆದರೆ ಬೊಟ್ಟಿನ ಮೀನು ಅದರ ನಡುವಿನ ಸಂದಿಯಲ್ಲಿ ಕೂತರೆ ಇಡೀ ಟ್ಯಾಂಕ್ ಕಣ್ಣಿಗೆ ಬೀಳುತ್ತಿತ್ತು. ಯಾರು ಎಲ್ಲಿ ಅಲ್ಲಾಡಿದರೂ ಗೊತ್ತಾಗುತ್ತಿತ್ತು. ಆ ಗೋಡೆ ಒಡೆದು ಎರಡು ಗುಡ್ಡ ಮಾಡಿದೆ. ಎಡಕ್ಕೊಂದು, ಬಲಕ್ಕೊಂದು. ನಡುವೆ ಒಂದಡಿ ಖಾಲಿ. ಎಡಗುಡ್ಡದ ಸಂದಿಯಲ್ಲಿ ಕೂತರೆ ಬಲಗುಡ್ಡದ ಹಿಂಬದಿ ಕಾಣಬಾರದು. ಇದನ್ನು ಪರೀಕ್ಷೆ ಮಾಡಲು ನಾನು ಮೊಬೈಲ್ ಕ್ಯಾಮೆರಾವನ್ನು ಪಕ್ಕದ ಗಾಜಿಗೆ ಒತ್ತಿ ಫೋಟೊ ತೆಗೆದು ನೋಡಿದೆ. ಒಂದೊಂದು ಗುಡ್ಡಕ್ಕೂ ಎರಡು ಬಾಗಿಲು ಇರುವ ಗುಹೆ ಇರಲಿ. ಒಂದೇ ಬಾಗಿಲಿನ ಗುಹೆಗೆ ಹೊಕ್ಕ ಮೀನು ಸಿಕ್ಕಿಬಿದ್ದ ಹಾಗೆ.

ಮಾಡುವಾಗ ಕೆಲವು ಎಚ್ಚರಿಕೆ. ಹೀಟರ್ ಮೊದಲು ಆಫ್ ಮಾಡಿ. ನೀರು ಇಳಿದಾಗ ಅದು ಹೊರಗೆ ಉಳಿದರೆ ಸೀಳುತ್ತದೆ. ಕಲ್ಲನ್ನು ಮರಳಿನ ಮೇಲೆ ಇಡಬೇಡಿ, ಮರಳು ಸರಿಸಿ ತಳದ ಗಾಜಿನ ಮೇಲೇ ಕೂರಿಸಿ. ಗೋಬಿ ಮೀನುಗಳು ಬುಡ ತೋಡುತ್ತವೆ, ಕಲ್ಲು ಜಾರಿ ಗಾಜು ಒಡೆದವರಿದ್ದಾರೆ. ಹೊರತೆಗೆದ ಕಲ್ಲನ್ನು ಟ್ಯಾಂಕಿನದೇ ನೀರು ತುಂಬಿದ ಬಕೆಟ್‌ನಲ್ಲಿಡಿ. ಒಣಗಿದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಸಾಯುತ್ತದೆ. ಮರಳು ದಪ್ಪ ಇದ್ದರೆ ಒಮ್ಮೆಲೇ ಪೂರ್ತಿ ಕೆದಕಬೇಡಿ. ಕೆಳಗಿನಿಂದ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಏಳಬಹುದು.

ಸಂದಿ ಜಾಸ್ತಿ ಬೇಕು ಅಂತ ನಿಜವಾದ ಹವಳ ಕೊಳ್ಳಲು ಹೋಗಬೇಡಿ. ನಮ್ಮ ದೇಶದಲ್ಲಿ ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಸೆರಾಮಿಕ್ ಕಲ್ಲು, ಸಿಮೆಂಟಿನಲ್ಲಿ ಮಾಡಿ ಚೆನ್ನಾಗಿ ನೀರುಣಿಸಿದ ಕಲ್ಲು, ಪಿವಿಸಿ ಪೈಪಿನ ತುಂಡು, ಮೀನಿಗೆ ಎಲ್ಲವೂ ಒಂದೇ.

ಕಲ್ಲು ಜರುಗಿಸಿದ ದಿನವೇ ಹೊಸ ಮೀನು ಬಿಡಬೇಕು, ಅದೂ ಲೈಟ್ ಆರಿಸಿದ ಮೇಲೆ. ಎರಡು ದಿನ ಬಿಟ್ಟು ಬಿಟ್ಟರೆ ಹಳೇ ಮೀನು ಅಷ್ಟರಲ್ಲಿ ಮತ್ತೆ ಮನೆ ಮಾಡಿರುತ್ತದೆ.

ಡಬ್ಬಿಯೊಳಗಿನ ವಾರ

ನನ್ನ ಕೈ ಹಿಡಿದದ್ದು ಇದು. ಪಾರದರ್ಶಕ ಅಕ್ರಿಲಿಕ್ ಡಬ್ಬಿ, ನಾಲ್ಕೂ ಕಡೆ ಸಣ್ಣ ತೂತು, ಮೇಲೆ ಮುಚ್ಚಳ. ಟ್ಯಾಂಕಿನ ಒಳಗೇ ಅಂಚಿಗೆ ತೂಗುಹಾಕುವುದು. ಕೊಂಡರೆ ಸಿಗುತ್ತದೆ. ನಾನು ಹಳೇ ಅಕ್ರಿಲಿಕ್ ಹಾಳೆ ಕತ್ತರಿಸಿ, ಅಕ್ವೇರಿಯಂ ಸಿಲಿಕಾನ್‌ನಲ್ಲಿ ಅಂಟಿಸಿ ಮಾಡಿಕೊಂಡೆ. ಸಿಲಿಕಾನ್ ಎರಡು ದಿನ ಪೂರ್ತಿ ಒಣಗಬೇಕು. ಒಳಗೆ ಅವಿತುಕೊಳ್ಳಲು ಒಂದು ಪಿವಿಸಿ ಎಲ್ಬೋ, ಅಂದರೆ ಬಾಗಿದ ಪೈಪಿನ ತುಂಡು.

ಹೊಸ ಮೀನು ಈ ಡಬ್ಬಿಯಲ್ಲಿ ಒಂದು ವಾರ ಇರುತ್ತದೆ. ಹಳೆಯದು ಹೊರಗೆ. ಎರಡೂ ಒಂದನ್ನೊಂದು ನೋಡುತ್ತವೆ, ಒಂದೇ ನೀರು, ಒಂದೇ ಹೊತ್ತಿಗೆ ಊಟ, ಆದರೆ ಕಚ್ಚಲು ಆಗುವುದಿಲ್ಲ. ನಾನು ಮೊದಲು ಡಬ್ಬಿಗೆ ಹಾಕಿದ್ದು ಒಂದು ಗೋಬಿ ಮೀನು. ಮೊದಲ ದಿನ ಬೊಟ್ಟಿನ ಮೀನು ಬೆನ್ನಿನ ಮುಳ್ಳು ನೆಟ್ಟಗೆ ಮಾಡಿಕೊಂಡು ಡಬ್ಬಿಗೆ ಗುದ್ದಿದ್ದೇ ಗುದ್ದಿದ್ದು. ಹತ್ತು ನಿಮಿಷಕ್ಕೆ ಎಷ್ಟು ಗುದ್ದು ಅಂತ ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಮೊದಲ ದಿನ 41. ಮೂರನೇ ದಿನ 18. ಐದನೇ ದಿನ 4. ಏಳನೇ ದಿನ ಒಂದೂ ಇಲ್ಲ. ಡಬ್ಬಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು, ತಿರುಗಿ ಕೂಡ ನೋಡುತ್ತಿರಲಿಲ್ಲ. ನೀವೂ ಎಣಿಸಿ. ಕಣ್ಣಂದಾಜಿಗೆ ಬಿಟ್ಟರೆ ಆತುರ ಗೆಲ್ಲುತ್ತದೆ. ಸತತ ಎರಡು ದಿನ ಗುದ್ದು ಇಲ್ಲ ಅಂದರೆ ಮಾತ್ರ ಮುಚ್ಚಳ ತೆಗೆಯಿರಿ.

ವಾರ ಕಳೆದರೂ ಗುದ್ದು ನಿಲ್ಲದಿದ್ದರೆ ಅದಲುಬದಲು ಮಾಡಿ. ಜಗಳಗಂಟನನ್ನು ಡಬ್ಬಿಗೆ ಹಾಕಿ, ಹೊಸದನ್ನು ಹೊರಗೆ ಬಿಡಿ. ವಾರದಲ್ಲಿ ಹೊಸದು ತನ್ನ ಸಂದಿ ಹಿಡಿಯುತ್ತದೆ, ಧೈರ್ಯ ಬರುತ್ತದೆ. ಹಳೆಯದು ಹೊರಬಂದಾಗ ಜಾಗ ಕೇಳಬೇಕಾದದ್ದು ಅದರ ಸರದಿ.

ಹಿಡಿಯುವುದು ಹೇಗೆ

ಬಲೆ ಹಿಡಿದು ಟ್ಯಾಂಕಿನಲ್ಲಿ ಅಟ್ಟಾಡಿಸಬೇಡಿ. ಡ್ಯಾಮ್ಸೆಲ್ ಕಲ್ಲಿನೊಳಗೆ ಹೊಕ್ಕರೆ ಮುಗಿಯಿತು, ಉಳಿದ ಮೀನುಗಳಿಗೆ ಗಾಯ, ನಿಮಗೆ ಬೆನ್ನುನೋವು. ನಾನು ಬಳಸಿದ್ದು ಬೇಕರಿಯಲ್ಲಿ ಚಕ್ಕುಲಿ ತುಂಬಿಡುವ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ. ಸೋಪು ಹಾಕದೆ ಬಿಸಿನೀರಲ್ಲಿ ತೊಳೆದದ್ದು. ಬಾಯಿಯ ಅಂಚಿಗೆ ಎರಡು ತೂತು ಮಾಡಿ, ಗಾಳದ ದಾರ ಕಟ್ಟಿ, ದಾರದ ತುದಿ ಟ್ಯಾಂಕಿನ ಹೊರಗೆ ಬಿಟ್ಟೆ. ಡಬ್ಬಿಯನ್ನು ಮರಳಿನ ಮೇಲೆ ಮಲಗಿಸಿದೆ, ಒಳಗೆ ಒಂದು ಸಣ್ಣ ಕಲ್ಲು ಭಾರಕ್ಕೆ.

ನಾಲ್ಕು ದಿನ ಏನೂ ಮಾಡಬಾರದು. ಊಟವನ್ನು ಡಬ್ಬಿಯೊಳಗೆ ಮಾತ್ರ ಹಾಕಿ. ಮೊದಲ ದಿನ ಅದು ಹತ್ತಿರವೂ ಬರಲಿಲ್ಲ. ಎರಡನೇ ದಿನ ತಲೆ ಹಾಕಿ ಸೀಗಡಿ ಚೂರು ಕಚ್ಚಿಕೊಂಡು ಓಡಿತು. ನಾಲ್ಕನೇ ದಿನ ಒಳಗೇ ನಿಂತು ತಿಂದಿತು. ಐದನೇ ದಿನ ಅದು ತಳದವರೆಗೆ ಹೋದಾಗ ದಾರ ನಿಧಾನಕ್ಕೆ, ಆದರೆ ನಿಲ್ಲಿಸದೆ ಎಳೆದೆ. ಡಬ್ಬಿ ಎದ್ದು ನಿಂತಿತು, ಬಾಯಿ ಮೇಲೆ. ಅಂಗೈಯಿಂದ ಮುಚ್ಚಿ ನೀರಿನ ಸಮೇತ ಎತ್ತಿದೆ. ಅಂಗೈಗೆ ಎರಡು ಸಲ ಗುದ್ದಿತು. ಡಬ್ಬಿಯೊಳಗಿನಿಂದ ಟಕ್ ಟಕ್ ಅಂತ ಸದ್ದೂ ಬಂತು. ಡ್ಯಾಮ್ಸೆಲ್‌ಗಳು ಸದ್ದು ಮಾಡುತ್ತವೆ, ಪಂಪ್ ನಿಲ್ಲಿಸಿದರೆ ರಾತ್ರಿ ಹಾಲ್‌ನಲ್ಲೂ ಕೇಳಿಸುತ್ತದೆ.

ಕನ್ನಡಿ

ನನ್ನ ತಮ್ಮನ ಮನೆ ಮೈಸೂರಿನಲ್ಲಿ. ಅವನದು ಆರಡಿ ಟ್ಯಾಂಕ್. ಅದರಲ್ಲಿ ಪೌಡರ್ ಬ್ಲೂ ಟ್ಯಾಂಗ್ ಇದೆ, ನಮ್ಮ ಹಿಂದೂ ಮಹಾಸಾಗರದ್ದೇ ಮೀನು. ಟ್ಯಾಂಗ್‌ಗಳ ಬಾಲದ ಬುಡದಲ್ಲಿ ಎರಡು ಕಡೆಗೂ ಚಾಕುವಿನಂಥ ಮುಳ್ಳು ಇರುತ್ತದೆ. ಕಚ್ಚುವುದಿಲ್ಲ, ಪಕ್ಕಕ್ಕೆ ಬಂದು ಬಾಲ ಬೀಸಿ ಕೊಯ್ಯುತ್ತವೆ. ಅವನು ಸೇಲ್‌ಫಿನ್ ಟ್ಯಾಂಗ್ ತಂದು ಬಿಟ್ಟ ದಿನ ಒಂದು ಪಕ್ಕೆ ಸೀಳಿತ್ತು. ಅವನಿಗೆ ಉಪಯೋಗಕ್ಕೆ ಬಂದದ್ದು ಕನ್ನಡಿ. ಹೊಸ ಮೀನು ಇರುವ ಕಡೆಗೆ ಎದುರಿನ ತುದಿಯಲ್ಲಿ, ಹೊರಗಿನಿಂದ ಗಾಜಿಗೆ ಕನ್ನಡಿ ಒರಗಿಸಿದ. ಹಳೇ ಟ್ಯಾಂಗ್ ತನ್ನ ನೆರಳಿನ ಜೊತೆಗೇ ಜಗಳಕ್ಕೆ ನಿಂತಿತು. ಹೊಸದಕ್ಕೆ ಉಸಿರಾಡಲು ಪುರುಸೊತ್ತು ಸಿಕ್ಕಿತು. ದಿನಕ್ಕೆ ಎರಡು ಮೂರು ಗಂಟೆ, ಮೂರು ನಾಲ್ಕು ದಿನ. ಇಡೀ ದಿನ ಇಡಬೇಡಿ, ಅದು ಸುಸ್ತಾಗಿ ಊಟ ಬಿಡುತ್ತದೆ. ಒಂದೇ ಆಕಾರ, ಒಂದೇ ಬಗೆಯ ಊಟದ ಮೀನುಗಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಡ್ಯಾಮ್ಸೆಲ್‌ಗೆ ನಾನು ಮಾಡಿ ನೋಡಿದೆ, ಅರ್ಧ ದಿನಕ್ಕೆ ಬೇಸರ ಬಂದು ಬಿಟ್ಟುಬಿಟ್ಟಿತು. ನಾಲ್ಕಡಿ ಟ್ಯಾಂಕಿನಲ್ಲಿ ಟ್ಯಾಂಗ್ ಇಡಲೇಬೇಡಿ. ಅವು ದಿನವಿಡೀ ಈಜುವ ಮೀನು.

ಗಾಯವಾದ ಮೀನಿಗೆ

ಹರಿದ ಬಾಲ, ರೆಕ್ಕೆ ಬೆಳೆಯುತ್ತವೆ. ಶುದ್ಧ ನೀರು, ಶಾಂತಿ, ಊಟ ಇದ್ದರೆ ಒಂದೆರಡು ವಾರದಲ್ಲಿ ಅಂಚು ಬಿಳಿಯಾಗಿ ಹೊಸ ಪೊರೆ ಕಾಣುತ್ತದೆ. ಬೇರೆ 40 ಲೀಟರ್ ಟ್ಯಾಂಕ್, ಒಂದು ಸ್ಪಾಂಜ್ ಫಿಲ್ಟರ್, ಒಂದು ಪೈಪಿನ ತುಂಡು ಸಾಕು. ಅದೇ ಉಪ್ಪಿನಂಶ, ಅದೇ ಬಿಸಿ ಇರಬೇಕು. ಔಷಧಿ ಕೊಡಬೇಕಾದರೆ ಆ ಟ್ಯಾಂಕಿನಲ್ಲೇ ಕೊಡಿ. ತಾಮ್ರದ ಔಷಧಿ ದೊಡ್ಡ ಟ್ಯಾಂಕಿಗೆ ಬಿದ್ದರೆ ಸೀಗಡಿ, ಏಡಿ, ಶಂಖದ ಹುಳು ಯಾವುದೂ ಉಳಿಯುವುದಿಲ್ಲ.

ತರುವ ಸಾಲು

ಹೊಸದಾಗಿ ಶುರು ಮಾಡುವವರು ಒಂದು ಸಾಲು ಇಟ್ಟುಕೊಳ್ಳಿ. ಎಲ್ಲಕ್ಕಿಂತ ಸಾಧು ಮೀನು ಮೊದಲು, ಗೋಬಿ, ಬ್ಲೆನ್ನಿ, ಕಾರ್ಡಿನಲ್ ಥರದ್ದು. ಆಮೇಲೆ ಕ್ಲೌನ್ ಜೋಡಿ. ಸಿಕ್ಸ್‌ಲೈನ್ ರಾಸ್, ಡಾಟಿಬ್ಯಾಕ್, ಡ್ಯಾಮ್ಸೆಲ್ ಥರದ ಜಗಳಗಂಟ ಮೀನು ಬೇಕೇ ಬೇಕು ಅಂದರೆ ಕಟ್ಟಕಡೆಗೆ, ಒಂದೇ ಒಂದು. ಡ್ಯಾಮ್ಸೆಲ್‌ನಲ್ಲೂ ಹಳದಿ ಬಾಲದ ನೀಲಿ ಜಾತಿ ಸ್ವಲ್ಪ ಸೌಮ್ಯ. ಕ್ಲೌನ್‌ಗಳಲ್ಲಿ ಮರೂನ್ ಕ್ಲೌನ್ ಬಹಳ ಜೋರು, ಮೊದಲ ಸಲದವರಿಗೆ ಬೇಡ. ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಕೇಳಿ ತನ್ನಿ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇವನ್ನು ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಸಮುದ್ರದಿಂದ ಹಿಡಿಯಬೇಕಾಗಿಲ್ಲ.

ಯಾವುದೂ ಆಗದಿದ್ದಾಗ

ಕಲ್ಲು ಜರುಗಿಸಿದೆ, ಡಬ್ಬಿ ಇಟ್ಟೆ, ಅದಲುಬದಲೂ ಮಾಡಿದೆ. ಗೋಬಿಯನ್ನು ಬೊಟ್ಟಿನ ಮೀನು ಒಪ್ಪಿಕೊಂಡಿತು. ಅದು ತಳದ ಮೀನು, ಇದರ ದಾರಿಗೆ ಬರುವುದಿಲ್ಲ. ಮತ್ತೆ ತಂದ ಕ್ಲೌನ್‌ಗಳನ್ನು ಮಾತ್ರ ಒಪ್ಪಲಿಲ್ಲ. ಡಬ್ಬಿಯಲ್ಲಿ ಎರಡು ವಾರ ಕಳೆದರೂ ಹತ್ತು ನಿಮಿಷಕ್ಕೆ ಇಪ್ಪತ್ತು ಗುದ್ದು. ಮನೆಯವರೆಲ್ಲ ಕೂತು ಮಾತಾಡಿದೆವು. ಅತ್ತೆಗೆ ಅದನ್ನು ಕಳಿಸಲು ಇಷ್ಟ ಇರಲಿಲ್ಲ. ಬೆಳಗಿನ ಕಾಫಿ ಕುಡಿಯುವಾಗ ಅವರ ಬೆರಳ ಹಿಂದೆಯೇ ಗಾಜಿನುದ್ದಕ್ಕೂ ಬರುತ್ತಿತ್ತು ಅದು. ಕೊನೆಗೆ ಅವರೇ, ‘ನಿನ್ನ ತಮ್ಮನ ಮನೆಗೆ ಕೊಡು, ಅಲ್ಲಿ ಜಾಗ ಇದೆಯಲ್ಲಾ’ ಅಂದರು.

ಕಳಿಸುವ ಮನೆ ಗೊತ್ತಿಲ್ಲದಿದ್ದರೆ ಅಂಗಡಿಗೆ ಫೋನ್ ಮಾಡಿ ಕೇಳಿ, ಬಹಳ ಕಡೆ ವಾಪಸ್ ತೆಗೆದುಕೊಳ್ಳುತ್ತಾರೆ. ಸಮುದ್ರಕ್ಕೆ ಬಿಡುವುದು ಬೇಡವೇ ಬೇಡ. ಟ್ಯಾಂಕಿನ ರೋಗ ಅಲ್ಲಿಗೆ ಹೋಗುತ್ತದೆ. ಅಟ್ಲಾಂಟಿಕ್‌ನಲ್ಲಿ ಲಯನ್‌ಫಿಶ್ ಹರಡಿ ಅಲ್ಲಿನ ಮೀನುಗಳನ್ನು ತಿನ್ನುತ್ತಿರುವುದು ಹೀಗೆ ಅಕ್ವೇರಿಯಂ ಮೀನು ಬಿಟ್ಟದ್ದರಿಂದಲೇ ಅಂತ ಹೇಳುತ್ತಾರೆ.

ಸಾಗಿಸುವ ಹಿಂದಿನ ದಿನ ಊಟ ಹಾಕಬೇಡಿ, ಇಲ್ಲದಿದ್ದರೆ ಚೀಲದ ನೀರು ಕೆಡುತ್ತದೆ. ಕವರಿನಲ್ಲಿ ಮೂರನೇ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ. ಬೆನ್ನಿನ ಮುಳ್ಳು ಚುಚ್ಚುತ್ತದೆ, ಅದಕ್ಕೆ ಎರಡು ಕವರ್, ಒಂದರೊಳಗೊಂದು. ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಕತ್ತಲಿಗೆ ಸುಮ್ಮನಿರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲೇ ಇತ್ತು.

ತಮ್ಮನ ಮನೆಯಲ್ಲೂ ಅದಕ್ಕೆ ವಾರ ಡಬ್ಬಿಯ ವಾಸ. ಬಿಟ್ಟ ಎರಡನೇ ದಿನಕ್ಕೆ ಎಡಗಡೆಯ ದೊಡ್ಡ ಕಲ್ಲಿನ ಕೆಳಗೆ ಒಂದು ಸಂದಿ ಹಿಡಿಯಿತು. ಮೊನ್ನೆ ಅತ್ತೆಯನ್ನೂ ಕರೆದುಕೊಂಡು ಹೋಗಿ ನೋಡಿಬಂದೆ. ಟ್ಯಾಂಗ್ ಸಂದಿಯ ಹತ್ತಿರ ಬಂದರೆ ಹೊರಗೆ ಬರುತ್ತದೆ, ಒಂದಡಿ ಅಟ್ಟುತ್ತದೆ, ವಾಪಸ್ ಹೋಗಿ ಕೂರುತ್ತದೆ. ಅತ್ತೆ ಗಾಜಿನ ಮೇಲೆ ಬೆರಳಿಟ್ಟರು. ಸಂದಿಯಿಂದ ಹೊರಬಂದು ಬೆರಳ ಹಿಂದೆ ಹೊರಟಿತು.